ಎಡಗಡೆಯ ಬೋಲ್ಟುಗಳು

ಅಪ್ಪ,

ನೀನು ಹೋಗಿ ಎಂಟು ತಿಂಗಳಾದ ಮೇಲೆ ಇವತ್ತು ಜೀಪಿನ ಅಡಿಗೆ ನುಗ್ಗಿದೆ. ಕಲ್ಲುದಾರಿಗೆಂದು ನಾವಿಬ್ಬರೇ ಸೇರಿ ಅದನ್ನು ಎತ್ತರಿಸಿದೆವಲ್ಲ, ಆ ಸ್ಪ್ರಿಂಗುಗಳ ಬೋಲ್ಟು ನೋಡಬೇಕಿತ್ತು. ಬಲಗಡೆಯವನ್ನು ನೀನು ಬಿಗಿ ಮಾಡಿದ್ದೆ, ಎಡಗಡೆಯವನ್ನು ನಾನು. ಬಿಗಿ ಮಾಡಿದವರು ಬೋಲ್ಟಿನ ಮೇಲೊಂದು ಗೆರೆ ಎಳೆಯಬೇಕು, ಇನ್ನೊಬ್ಬರು ಅದನ್ನು ಮತ್ತೆ ಪರೀಕ್ಷಿಸಿದರೆ ಪಕ್ಕದಲ್ಲಿ ತಮ್ಮ ಗೆರೆ ಎಳೆಯಬೇಕು ಎಂಬುದು ನೀನು ಮಾಡಿದ ಕಾನೂನು. ನಿನ್ನದು ಬಿಳಿ ಪೇಂಟು, ನನ್ನದು ಅಮ್ಮನ ಕೆಂಪು ನೇಲ್ ಪಾಲಿಶ್.

ಆ ಕೆಲಸ ಮುಗಿದ ಮರುದಿನ ಬೆಳಿಗ್ಗೆ ಜೀಪಿನ ಎಡಗಡೆಯಿಂದ ನಿನ್ನ ಕಾಲುಗಳು ಚಾಚಿಕೊಂಡಿದ್ದನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಕೆಲಸದ ಮೇಲೆ ನಂಬಿಕೆ ಇಲ್ದಿದ್ರೆ ಎಲ್ಲಾ ನೀನೇ ಮಾಡ್ಕೋ," ಅಂದೆ.

"ಹಾಗಲ್ಲ ಕಣೇ," ಅಂದಿತು ಅಡಿಯಿಂದ ನಿನ್ನ ದನಿ.

ಮುಂದಿನದನ್ನು ಕೇಳಲು ನಾನು ನಿಲ್ಲಲಿಲ್ಲ. ಆಮೇಲೆ ನಾನು ಸ್ಪ್ಯಾನರ್ ಮುಟ್ಟಲಿಲ್ಲ, ನೀನೂ ಕರೆಯಲಿಲ್ಲ.

ಇವತ್ತು ಟಾರ್ಚ್ ಹಾಕಿ ನೋಡಿದರೆ ಎಡಗಡೆಯ ಎಂಟೂ ಬೋಲ್ಟುಗಳ ಮೇಲೆ ನನ್ನ ಸೊಟ್ಟ ಕೆಂಪು ಗೆರೆ ಮಾತ್ರ ಇತ್ತು. ಪಕ್ಕದಲ್ಲಿ ಬಿಳಿ ಗೆರೆ ಒಂದೂ ಇರಲಿಲ್ಲ. ನಾನು ಗ್ರೀಸ್ ಹಾಕಲು ಮರೆತಿದ್ದ ಕಡೆಯೆಲ್ಲ ಗ್ರೀಸ್ ಒಣಗಿ ಕೂತಿತ್ತು. ಆ ಬೆಳಿಗ್ಗೆ ನೀನು ಮಾಡುತ್ತಿದ್ದದ್ದು ಅಷ್ಟೇ. ನನ್ನ ಕೈಯನ್ನೇ ನಂಬಿಕೊಂಡು ಒಂದು ವರ್ಷ ಆ ಕಲ್ಲುದಾರಿಯ ಇಳಿಜಾರುಗಳಲ್ಲಿ ಗಾಡಿ ಓಡಿಸಿದ್ದೀಯ.

"ಎಲ್ಲಾ ಬಿಗಿಯಾಗಿದ್ಯೇನೇ?" ಅಂತ ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

ಹೂಂ ಎಂದು ಬಲಗಡೆಗೆ ಹೊರಳಿದೆ. ಅಲ್ಲಿ ನಿನ್ನ ಬಿಳಿ ಗೆರೆಗಳ ಪಕ್ಕ, ಒಂದನ್ನೂ ಬಿಡದೆ, ಕೆಂಪು ಗೆರೆಗಳಿವೆ. ಕೆಲಸ ಮುಗಿದ ಸಂಜೆಯೇ ನಾನು ಎಳೆದವು. ನೀನು ಅವನ್ನು ನೋಡಿದ್ದೆ, ಏನೂ ಅಂದಿರಲಿಲ್ಲ.