ಬೋಗಾರ್‌ನ ಅಂಕಣ

ಹಲಾಶ್, ನವೆಂಬರ್ ೯

ಪ್ರೀತಿಯ ಬೊರ್ಕಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಒಲೆಗೆ ಸೌದೆ ಹಾಕುವುದೋ, ನಾಯಿಗೆ ಊಟ ಇಡುವುದೋ ನೆನಪಾಗಿ ಎದ್ದುಬಿಡುತ್ತಿದ್ದೆ. ಬೇಸರ ಮಾಡಿಕೊಳ್ಳಬೇಡ. ನಿನ್ನ ಅಕ್ಕ ಎತೆಲ್ಕಾಳ ಮಂಡಿನೋವು ಹೇಗಿದೆ? ನಿಮ್ಮ ಬಾಯಾ ಊರಿನಲ್ಲಿ ಡ್ಯಾನ್ಯೂಬ್ ನದಿ ಏರಿದೆ ಎಂದು ರೇಡಿಯೋದಲ್ಲಿ ಹೇಳಿದರು. ಅವಳ ಮನೆ ಎತ್ತರದಲ್ಲಿದೆ, ಗೊತ್ತು. ಆದರೂ ಕೇಳುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಉಣ್ಣುತ್ತೇನೆ, ಮಲಗುತ್ತೇನೆ. ಸಾರಿಗೆ ಪಪ್ರಿಕಾ ಖಾರದಪುಡಿ ಹಾಕಿದ್ದೆನೋ ಇಲ್ಲವೋ ತಿಂದು ಮುಗಿಸಿದ ಮೇಲೂ ತಿಳಿಯುವುದಿಲ್ಲ, ಅಷ್ಟೇ.

ಕೊಟ್ಟಿಗೆ, ಲಾಯ ಸರಿಮಾಡುವ ಕೆಲಸಕ್ಕೆ ಕೊರತೆಯಿಲ್ಲ. ಹೋದ ವಾರ ಅಂಬ್ರುಶ್‌ನ ಹಾಲಿನ ಕೊಟ್ಟಿಗೆಗೆ ಹೋಗಿದ್ದೆ. ಹಳೆಯ ಮರದ ಕಟ್ಟುಗಳನ್ನು ಕಿತ್ತು, ಒಂದೊಂದು ಹಸುವಿಗೂ ನಿಲ್ಲಲು, ಮಲಗಲು ಕಬ್ಬಿಣದ ಕೊಳವೆಯ ಅಂಕಣವನ್ನು ತಾನೇ ಹಾಕಿಕೊಂಡಿದ್ದಾನೆ. ಹಸುಗಳು ಒಳಗೆ ಬರುತ್ತವೆ, ನಿಲ್ಲುತ್ತವೆ, ಮಲಗುವುದಿಲ್ಲ. ಕಾಲು ಊದಿಕೊಂಡಿದ್ದವು ಪಾಪ. ಅವನ ತಾಯಿ ತೆರ್ಕಾ ಅಜ್ಜಿ ಬಾಗಿಲಲ್ಲೇ ಹಿಡಿದಳು.

"ಬಾರಯ್ಯಾ ಗಾಶ್ಪಾರ್! ನನ್ನ ಮಗ ಹಸುಗಳಿಗೆ ಚರ್ಚು ಕಟ್ಟಿದ್ದಾನೆ ನೋಡು. ಎಲ್ಲಾ ನಿಂತ್ಕೊಂಡೇ ಪ್ರಾರ್ಥನೆ ಮಾಡ್ತಾವೆ!"

"ಅಮ್ಮಾ, ಸುಮ್ನಿರೇ ಸಾಕು," ಎಂದ ಅಂಬ್ರುಶ್.

ಕತ್ತಿಗೆ ತಾಗುವ ಅಡ್ಡಕೊಳವೆಯನ್ನು ತೀರಾ ಹಿಂದಕ್ಕೆ ಬಿಗಿದಿದ್ದ. ಮಲಗುವ ಮೊದಲು ಹಸು ತಲೆಯನ್ನು ಮುಂದಕ್ಕೆ ಚಾಚಬೇಕಲ್ಲ, ಅದಕ್ಕೆ ಜಾಗವೇ ಇರಲಿಲ್ಲ. ಇಬ್ಬರೂ ಸೇರಿ ಬೋಲ್ಟು ಸಡಿಲಿಸಿ ಕೊಳವೆಗಳನ್ನು ಮುಂದಕ್ಕೆ ಸರಿಸಿದೆವು, ರಬ್ಬರ್ ಹಾಸಿನ ಮೇಲೆ ಒಣಹುಲ್ಲು ಉದುರಿಸಿದೆವು. ಒಂದು ಕಂದು ಹಸು ನೆಲ ಮೂಸಿ, ಮುಂಗಾಲು ಮಡಿಸಿ, ಉಸ್ಸೆಂದು ಕುಸಿಯಿತು. ಅದರ ಹಿಂದೆ ಇನ್ನೊಂದು. ಅಜ್ಜಿ ಕಣ್ಣೊರೆಸಿಕೊಂಡಳು. ನಾನು ಸ್ಪ್ಯಾನರ್ ಒರೆಸಿಕೊಂಡೆ. ಸಂತೋಷಪಡಬೇಕಾದ ಹೊತ್ತು ಅದು ಎಂದು ಗೊತ್ತಿತ್ತು.

ಮರುದಿನ ಇಲ್ದಿಕೋ ಫೋನ್ ಮಾಡಿದಳು, ಕುದುರೆ ಫಾರಂನ ಮೇಲ್ವಿಚಾರಕಿ. ಆ ಕುದುರೆ, ಬೋಗಾರ್, ತನ್ನ ಅಂಕಣದ ಹಲಗೆಗಳನ್ನು ಒದ್ದು ಸೀಳಿದೆಯಂತೆ. "ನೀವೇ ಬರ್ಬೇಕು ಅಂತಿಲ್ಲ ಗಾಶ್ಪಾರಣ್ಣ. ಬೇರೆ ಯಾರನ್ನಾದ್ರೂ ಕರೆಸ್ತೀನಿ. ನಿಮಗೆ ಹೇಳ್ದೆ ಮಾಡೋದು ಬೇಡ ಅನ್ನಿಸ್ತು, ಅದಕ್ಕೆ..." ಎಂದು ತಡವರಿಸಿದಳು. ನಾನೇ ಬರುತ್ತೇನೆ ಎಂದೆ.

ವಸಂತದಿಂದ ಅದರ ಹತ್ತಿರ ಯಾರೂ ಹೋಗಿಲ್ಲ. ಹುಲ್ಲನ್ನು ಗೋಡೆಯ ಮೇಲಿಂದ ಎಸೆಯುತ್ತಾರೆ, ನೀರನ್ನು ಪೈಪಿನಲ್ಲಿ ಬಿಡುತ್ತಾರೆ. ಮೈಯೆಲ್ಲ ಲದ್ದಿ ಗಟ್ಟಿಯಾಗಿ ಅಂಟಿದೆ. ಕರೀ ಜೀರುಂಡೆಯಂತೆ ಹೊಳೆಯುತ್ತಿದ್ದ ಪ್ರಾಣಿ ಅದು. ನಾನೇ ಹಗ್ಗ ಹಾಕಿ ಪಕ್ಕದ ಅಂಕಣಕ್ಕೆ ನಡೆಸಿದೆ. ಕುರಿಮರಿಯಂತೆ ಬಂತು.

ಒಡೆದ ಹಲಗೆ ಕಿತ್ತು ಹೊಸ ಓಕ್ ಹಲಗೆಗಳನ್ನು ಕೂರಿಸುತ್ತಿದ್ದಾಗ ಇಲ್ದಿಕೋ ಬಂದು ಹೊರಗೇ ನಿಂತಳು.

"ಅಣ್ಣಾ, ಯಜಮಾನ್ರು ಒಂದು ಮಾತು ಕೇಳು ಅಂದಿದಾರೆ. ನೀವು ಹ್ಞೂಂ ಅಂದ್ರೆ ಸೋಮವಾರ ಕಸಾಯಿಖಾನೆ ಲಾರಿ ಬರುತ್ತೆ. ಯಾರೂ ಏನೂ ಅನ್ನಲ್ಲ. ನಿಮ್ಮ ಮಾತೇ ಕೊನೆ."

ನಾನು ಕೆಲಸ ನಿಲ್ಲಿಸಲಿಲ್ಲ. ಸಿಟ್ಟು ಬರುತ್ತದೆಂದು ಕಾದೆ. ಈಗ ಬರುತ್ತದೆ, ಈ ಮೊಳೆ ಹೊಡೆದ ಮೇಲೆ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಪಕ್ಕದಿಂದ ಅದು ಹುಲ್ಲು ಅಗಿಯುವ ಸದ್ದು ಮಾತ್ರ ಕೇಳುತ್ತಿತ್ತು.

"ಅದು ಇರಲಿ ಬಿಡು," ಎಂದೆ. "ಆದ್ರೆ ಹೀಗೆ ಇಡಬೇಡಿ. ದಿನಾ ಹೊರಗೆ ಬಿಡಿ. ಮೈ ಉಜ್ಜೋಕೆ ಯಾರೂ ಸಿಗದಿದ್ರೆ ನಾನೇ ಬರ್ತೀನಿ."

"ನೀವಾ?"

"ಹ್ಞೂಂ. ನಾನೇ."

ನಿನ್ನನ್ನು ಕೇಳದೆ ಹೇಳಿಬಿಟ್ಟೆ. ನಿನಗೆ ಒಪ್ಪಿಗೆಯಿಲ್ಲದಿದ್ದರೆ ಬರೆ, ಅವರಿಗೆ ಹೇಳುತ್ತೇನೆ. ನೀನು ಬೈದರೂ ಸರಿ, ಬರೆ. ಈಗಾಗಲೇ ಎರಡು ಸಲ ಹೋಗಿ ಮೈ ಉಜ್ಜಿ ಬಂದೆ. ಬ್ರಷ್ ಹಿಡಿದಾಗ ಕೈಗೆ ಬಿಸಿ ತಾಗುತ್ತದೆ. ಅಷ್ಟು ಮಾತ್ರ ತಿಳಿಯುತ್ತದೆ.

ಅಡುಗೆಮನೆಯ ಕಿಟಕಿಗೆ ಚಳಿಗಾಲದ ಗಾಜು ಹಾಕಿದ್ದೇನೆ. ನಿನ್ನ ದ್ರಾಕ್ಷಿ ಬಳ್ಳಿಗಳ ಬುಡಕ್ಕೆ ಮಣ್ಣು ಏರಿಸಿದ್ದೇನೆ. ಬಾ ಎಂದು ಒತ್ತಾಯಿಸುವುದಿಲ್ಲ. ಬರುವ ದಿನ ತಿಳಿಸಿದರೆ ಸ್ಟೇಷನ್ನಿಗೆ ಬಂದು ನಿಂತಿರುತ್ತೇನೆ. ಎತೆಲ್ಕಾಳಿಗೆ ನನ್ನ ನಮಸ್ಕಾರ. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ,
ಗಾಶ್ಪಾರ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಮಾರ್ಸಿಯನ್ನು ಮಣ್ಣು ಮಾಡಿ ಬಂದ ದಿನ ನೀನು ಒಂದು ಪ್ರಶ್ನೆ ಕೇಳಿದ್ದೆ. ಗುಡುಗಿಗೆ ಬೆಚ್ಚಿ ಬೋಗಾರ್ ನಮ್ಮ ಮಗನನ್ನು ಅಂಕಣದ ಗೋಡೆಗೆ ಒತ್ತಿದಾಗ, "ನೀನು ಮಾಡಿದ ಬಾಗಿಲು ಅವನಿಗೆ ತೆರೀಲಿಲ್ವಾ?" ಎಂದು. ನಾನು ಉತ್ತರ ಕೊಡಲಿಲ್ಲ, ನೀನು ಅಕ್ಕನ ಮನೆಗೆ ಹೊರಟುಹೋದೆ. ಇಲ್ದಿಕೋ ಅತ್ತ ಹೋದ ಮೇಲೆ ಆ ಬಾಗಿಲಿನ ಚಿಲಕವನ್ನು ಪೂರಾ ಬಿಚ್ಚಿ ನೋಡಿದೆ. ತುಕ್ಕಿಲ್ಲ. ಎಲ್ಲೂ ಸೊಟ್ಟಗಾಗಿಲ್ಲ. ಒಳಗಿನಿಂದ ಒಂದೇ ಬೆರಳಿಗೆ ಸರಿಯುತ್ತದೆ. ಅವನಿಗೆ ಬಾಗಿಲ ತನಕ ಬರಲಾಗಲಿಲ್ಲ, ಅಷ್ಟೇ. ಹುಲ್ಲಿನ ಮೇಲೆ ಕೂತು ಮತ್ತೆ ಮತ್ತೆ ಸರಿಸಿ ನೋಡಿದೆ, ಒಂದು ಸಲವಾದರೂ ಸಿಕ್ಕಿಕೊಳ್ಳಲಿ ಎಂದು. ಏನೂ ಕೆಟ್ಟಿರಲಿಲ್ಲ ಬೊರ್ಕಾ. ಕೆಟ್ಟಿದ್ದರೆ ಸರಿಮಾಡುತ್ತಿದ್ದೆ.