ಬೀಗದ ಕೈ ತಡವಾದ ಕಾರಣ

ನವೆಂಬರ್ ೧೯, ಬುಧವಾರ

ನನ್ನ ಪುಟ್ಟಿಗೆ,

ನೀನು ಫೋನು ತೆಗೆಯುತ್ತಿಲ್ಲ. ತೆಗೆದಿದ್ದರೂ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ, ಹಾಗಾಗಿ ಒಳ್ಳೆಯದೇ ಆಯಿತು. ಅಳಿಯಂದಿರ ಕೈಯಲ್ಲಿ ಈ ಪತ್ರ ಕೊಟ್ಟು ಕಳಿಸುತ್ತಿದ್ದೇನೆ. ಮಗುವನ್ನು ಮಲಗಿಸಿ, ಕೂತುಕೊಂಡು ಓದು. ಅರ್ಧಕ್ಕೇ ಹರಿದುಹಾಕಬೇಡ. ಹರಿಯುವುದಾದರೆ ಪೂರ್ತಿ ಓದಿ ಹರಿ.

ಮನೆ ನಮ್ಮದಾಯಿತು. ಹೋದ ಶುಕ್ರವಾರ ಸಹಿ ಮುಗಿಯಿತು. ಐವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ, ಬಾಡಿಗೆಯದಲ್ಲದ ಬಾಗಿಲೊಂದರ ಬೀಗದ ಕೈ ನನ್ನ ಪರ್ಸಿನಲ್ಲಿದೆ. ನಾನು ಕುಣಿದಾಡಬೇಕಿತ್ತು. ಆಗುತ್ತಿಲ್ಲ.

ಮಾರ್ಚ್ ಮೊದಲ ವಾರ ನಾವು ಕೇಳಿದ ಬೆಲೆಗೆ ಅವರು ಒಪ್ಪಿದಾಗ ಬ್ರೋಕರ್ ಹೇಳಿದ್ದು ನೆನಪಿದೆಯಲ್ಲ? "ಮೂರೇ ತಿಂಗಳಮ್ಮ, ಜಾಸ್ತಿ ಅಂದ್ರೆ ಒಂದ್ ಹತ್ತು ದಿನ ಆಚೆ ಈಚೆ." ಅವನ ಮಾತು ನಂಬಿ ನೀವು ಮೇ ಕೊನೆಗೆ ಬಾಡಿಗೆ ಮನೆ ಖಾಲಿ ಮಾಡುತ್ತೇವೆಂದು ಹೇಳಿಬಿಟ್ಟಿರಿ. ಮೇಲಿನ ಎರಡು ಕೋಣೆ ನಿಮಗೆ, ಕೆಳಗೆ ನಾನು, ಆಗಸ್ಟಿನಲ್ಲಿ ಮಗು. ಎಷ್ಟು ಚೆಂದ ಹೊಂದಿಸಿಟ್ಟಿದ್ದೆವು!

ಆಮೇಲೆ ಬ್ಯಾಂಕಿನ ಇಂಜಿನಿಯರ್ ಬಂದು ಗೋಡೆ ತಟ್ಟಿ ಹೋಗುವುದಕ್ಕೆ ಮೂರು ವಾರ. ನಗರಸಭೆಯ ಕಚೇರಿಯಲ್ಲಿ ಕಾಣೆಯಾದ ಮನೆಯ ಹಳೆಯ ನಕ್ಷೆ ಸಿಗುವುದಕ್ಕೆ ಐದು ವಾರ. ನನ್ನ ವಯಸ್ಸಿಗೆ ಸಾಲ ಕೊಡಬಹುದೋ ಬಾರದೋ ಎಂದು ಬ್ಯಾಂಕಿನವರು ಯೋಚಿಸಿದ್ದು ಬೇರೆ. ಇದೆಲ್ಲ ನಿನಗೆ ಗೊತ್ತು. ಗೊತ್ತಿಲ್ಲದ್ದು ಇಷ್ಟು: ಜೂನ್ ಮೊದಲ ವಾರಕ್ಕೆಲ್ಲ ಪ್ರತಿಯೊಂದು ಕಾಗದವೂ ಸಿದ್ಧವಾಗಿತ್ತು. ವಕೀಲರು ಸಹಿಗೆ ದಿನವನ್ನೂ ಗೊತ್ತುಮಾಡಿದ್ದರು. ಅದನ್ನು ನಿಲ್ಲಿಸಿದವಳು ನಾನು.

ಜೂನ್ ಎಂಟರ ಭಾನುವಾರ ಕರ್ಟನ್ನಿಗೆ ಅಳತೆ ತೆಗೆದುಕೊಳ್ಳಲು ಟೇಪು ಹಿಡಿದು ಆ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಒಂದು ಮಂಚ ಬಂದಿತ್ತು. ಮಾರ್ಚಿನಲ್ಲಿ ನಮಗೆ ಮನೆಯೆಲ್ಲ ಸುತ್ತಿಸಿ ತೋರಿಸಿದ ಯಜಮಾನರು, ನಲವತ್ತು ವರ್ಷ ಬಸ್ಸು ಓಡಿಸಿದ ಆ ಡ್ರೈವರಣ್ಣ, ಅದರ ಮೇಲೆ ಅರ್ಧ ಆಳಾಗಿ ಮಲಗಿದ್ದರು. ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಹೊಟ್ಟೆಯೊಳಗಿನ ಗಡ್ಡೆ, ಕೈಮೀರಿದೆಯಂತೆ. "ಡಾಕ್ಟ್ರು ಒಂದು ತಿಂಗಳು ಅಂದಿದ್ದಾರೆ. ಇವರು ಇಲ್ಲೇ ಕಣ್ಣು ಮುಚ್ಚಬೇಕು ಅಂತಾರೆ. ನಾವು ಹೋಗ್ಬೇಕಾಗಿರೋ ನನ್ನ ತಂಗಿ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಒಂದೇ ಒಂದು ತಿಂಗಳು, ತಂಗೀ" ಎಂದರು.

ಯೋಚಿಸಿ ಹೇಳುತ್ತೇನೆ ಎಂದೆ. ಹೊರಗೆ ಬರುವಾಗ ಡ್ರೈವರಣ್ಣ ಕೂಗಿದರು. "ನೀವೇನಾ, ನಾನು ಯಾವಾಗ ಹೋಗ್ತೀನಿ ಅಂತ ಕಾಯ್ತಿರೋರು?"

"ಇಲ್ಲಣ್ಣ, ಕರ್ಟನ್ ಅಳತೆಗೆ ಬಂದೆ" ಎಂದೆ.

ಅವರು ನಕ್ಕರು. "ಹಂಗಾದ್ರೆ ಸರಿಯಾಗಿ ಅಳೀರಿ. ಎಡಗಡೆ ಕಿಟಕಿ ಒಂದಿಂಚು ಉದ್ದ ಇದೆ. ನಿಂತು ಕಟ್ಟಿಸಿದ್ದು ನಾನೇ, ಬೈಸ್ಕೊಂಡಿದ್ದೂ ನಾನೇ."

ಮಾರನೆಯ ದಿನ ವಕೀಲರಿಗೆ ಫೋನು ಮಾಡಿ ಸಹಿಯನ್ನು ಮುಂದಕ್ಕೆ ಹಾಕಿಸಿದೆ, ಅವರು ಇರುವಷ್ಟು ದಿನ ಅಲ್ಲೇ ಇರಲಿ ಎಂದು ಆಕೆಗೆ ಮಾತು ಕೊಟ್ಟೆ. ಮಗಳು ಕೇಳಿದರೆ ಕಾಗದ ತಡವಾಗಿದೆ ಅನ್ನಿ ಎಂದೆ. ನಿನಗೆ ಹೇಳಿದರೆ ನೀನು ಆಗಲ್ಲ ಅನ್ನುತ್ತಿದ್ದೆ. ಅದು ನ್ಯಾಯವೂ ಆಗಿರುತ್ತಿತ್ತು. ಅದಕ್ಕೇ ಹೇಳಲಿಲ್ಲ.

ಒಂದು ತಿಂಗಳು ಎರಡಾಯಿತು, ಎರಡು ಮೂರಾಯಿತು. ಭಾನುವಾರ ಓವರ್‌ಟೈಮ್ ಎಂದು ನಿನಗೆ ಸುಳ್ಳು ಹೇಳಿ ನಾನು ಹೋಗುತ್ತಿದ್ದದ್ದು ಅಲ್ಲಿಗೆ. ಡ್ರೈವರಣ್ಣನ ಹೆಂಡತಿಗೆ ಸೊಂಟ ಬಗ್ಗುತ್ತಿರಲಿಲ್ಲ. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಇಪ್ಪತ್ತಮೂರು ವರ್ಷ ಒಗೆದು ಇಸ್ತ್ರಿ ಮಾಡಿದವಳಿಗೆ, ಮಲಗಿದವರನ್ನು ಎಬ್ಬಿಸದೆ ಹಾಸಿಗೆಯ ಬಟ್ಟೆ ಬದಲಿಸುವುದು ಏನು ಮಹಾ? ಒಂದು ಮಗ್ಗುಲಿಗೆ ಹೊರಳಿಸುವುದು, ಹಳೆಯದನ್ನು ಬೆನ್ನಿನವರೆಗೆ ಸುತ್ತುವುದು, ಹೊಸದನ್ನು ಹಿಂದೆಯೇ ಬಿಡಿಸುವುದು, ಇನ್ನೊಂದು ಮಗ್ಗುಲು. ಅಷ್ಟು ಹೊತ್ತೂ ಡ್ರೈವರಣ್ಣ ರಸ್ತೆ ನೋಡುತ್ತ, ಹಾದುಹೋಗುವ ಬಸ್ಸುಗಳಲ್ಲಿ ಗೇರನ್ನು ಕರಕರ ಎನ್ನಿಸಿ ಬದಲಿಸುವವರನ್ನು ಬೈಯುತ್ತಿದ್ದರು.

ನನ್ನನ್ನು ದೊಡ್ಡ ಮನಸ್ಸಿನವಳು ಅಂದುಕೊಳ್ಳಬೇಡ. ನೀನು ಹೆತ್ತ ಮೇಲೆ, ಬಾಡಿಗೆ ಮನೆ ಬಿಟ್ಟು ನೀವು ಸೇರಿಕೊಂಡಿದ್ದ ನಿನ್ನ ಗಂಡನ ಅಕ್ಕನ ಮನೆಗೆ ನಾನು ಬಂದೆನಲ್ಲ. ಸೂರಿನವರೆಗೆ ಪೇರಿಸಿದ ನಿಮ್ಮ ಪೆಟ್ಟಿಗೆಗಳ ಸಂದಿಯಲ್ಲಿ, ತೇವ ಹಿಡಿದ ಗೋಡೆಗೆ ಒತ್ತಿಕೊಂಡು ಮಗು ಮಲಗಿತ್ತು. ಅದರ ಮುಂದಿನ ಭಾನುವಾರ ಡ್ರೈವರಣ್ಣನ ಬೀದಿಯ ತಿರುವಿನಲ್ಲಿ ನಿಂತು, ಗೇಟಿನ ಹತ್ತಿರ ಜನ ಸೇರಿದ್ದಾರೋ ಎಂದು ಇಣುಕಿ ನೋಡಿದೆ. ಯಾರೂ ಇರಲಿಲ್ಲ. ನನಗೆ ನಿರಾಸೆಯಾಯಿತು ಪುಟ್ಟಿ. ಅವರು ಬದುಕಿದ್ದಾರೆಂದು ನಿರಾಸೆ. ಆಮೇಲೆ ಪ್ರತಿ ಭಾನುವಾರವೂ ಹಾಗೇ ನಿಂತು ನೋಡಿ, ಒಳಗೆ ಹೋಗಿ, ಚೆನ್ನಾಗಿದ್ದೀರಾ ಅಣ್ಣ ಅನ್ನುತ್ತಿದ್ದೆ.

ಸೆಪ್ಟೆಂಬರಿನಲ್ಲಿ ನೀನು ವಕೀಲರ ಕಚೇರಿಗೆ ನುಗ್ಗಿ, ನಾಲ್ಕು ಜನರೆದುರು ಅವರನ್ನು ಸೋಮಾರಿ, ಕಳ್ಳ ಎಂದೆಲ್ಲ ಅಂದೆ. ಆ ಮನುಷ್ಯ ಒಂದು ಮಾತನ್ನೂ ಎದುರಾಡದೆ ನಿನಗೆ ನೀರು ತರಿಸಿದರು. ನೀನು ಬಂದು ಇದನ್ನೆಲ್ಲ ನನಗೆ ಹೇಳಿದಾಗ ನಾನು, "ಸರಿಯಾಗಿ ಬೈದೆ ಬಿಡು" ಎಂದೆ.

ಅಕ್ಟೋಬರಿನಲ್ಲಿ ಬ್ಯಾಂಕಿನವರು, ನವೆಂಬರ್ ಹದಿನೈದು ದಾಟಿದರೆ ಸಾಲ ರದ್ದು, ಮತ್ತೆ ಕೊಡುವುದಿಲ್ಲ ಎಂದು ಪತ್ರ ಹಾಕಿದರು. ಅದೇ ವಾರ ಮಗುವಿಗೆ ಉಸಿರು ಸಿಕ್ಕಿಕೊಂಡು ಎರಡು ದಿನ ಆಸ್ಪತ್ರೆಯಲ್ಲಿಟ್ಟರು. "ನಿನ್ನ ಮನೆ ಸಿಗೋ ಹೊತ್ತಿಗೆ ನನ್ನ ಮಗು ಇರತ್ತಾ ಅಂತ ಕೇಳಮ್ಮ ಆ ನಿನ್ನ ವಕೀಲರನ್ನ" ಎಂದು ಫೋನಿಟ್ಟೆಯಲ್ಲ, ಆಮೇಲೆ ನೀನು ನನ್ನೊಡನೆ ಮಾತಾಡಿಲ್ಲ.

ಮಾರನೆಯ ದಿನ ಡ್ರೈವರಣ್ಣನ ಮನೆಗೆ ಹೋಗಿ ಹೇಳಿದೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು ಎಂದೆ. ಕೂತು ಹೇಳಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. ಆಕೆ ಗೋಗರೆಯಲಿಲ್ಲ. ಡ್ರೈವರಣ್ಣ, "ಡ್ಯೂಟಿ ಮುಗಿದ ಮೇಲೂ ಸೀಟು ಬಿಡಲ್ಲ ಅಂದ್ರೆ ಹೇಗಮ್ಮ" ಎಂದು ನಗಲು ನೋಡಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಮೂರು ಮಹಡಿ ಹತ್ತಿಸಲಾಗದೆ ಅವರನ್ನು ನಮ್ಮ ಆಸ್ಪತ್ರೆಯ ನಾಲ್ಕನೇ ವಾರ್ಡಿಗೆ ಸೇರಿಸಿದರು. ಊಟದ ಬಿಡುವಿನಲ್ಲಿ ಎರಡು ಸಲ ಮೇಲೆ ಹೋಗಿದ್ದೆ. ಎರಡು ಸಲವೂ ನನ್ನನ್ನು ಗುರುತಿಸಲಿಲ್ಲ. ಅಥವಾ ಗುರುತಿಸುವುದು ಬೇಡವೆನಿಸಿತೋ ಏನೋ. ಮನೆ ಬಿಟ್ಟ ಹನ್ನೊಂದನೇ ದಿನ, ಸೋಮವಾರ, ಹೋಗಿಬಿಟ್ಟರು. ಸಂಜೆ ನಾಲ್ಕನೇ ವಾರ್ಡಿನಿಂದ ಬಂದ ಮೂಟೆಯನ್ನು ನಾನೇ ಬಿಚ್ಚಿದೆ. ಯಾವ ಬಟ್ಟೆ ಯಾರ ಹಾಸಿಗೆಯದು ಎಂದು ನಮಗೆ ಅಲ್ಲಿ ತಿಳಿಯುವುದಿಲ್ಲ.

ಮನೆ ಆಕೆಯ ಹೆಸರಿನಲ್ಲಿದ್ದದ್ದರಿಂದ ಶುಕ್ರವಾರ ಆಕೆಯೇ ಬಂದು ಸಹಿ ಹಾಕಿದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೀಗದ ಕೈ ಕೊಡುತ್ತ, "ಹಿಂದಿನ ಬಾಗಿಲನ್ನ ಸ್ವಲ್ಪ ಎತ್ತಿ ತಳ್ಳಬೇಕು, ಇಲ್ಲಾಂದ್ರೆ ನೆಲಕ್ಕೆ ಉಜ್ಜತ್ತೆ" ಎಂದಷ್ಟೇ ಹೇಳಿ ಹೊರಟುಹೋದರು.

ಇಷ್ಟೇ. ನಿನ್ನನ್ನು ಐದು ತಿಂಗಳು ಹೊರಗಿಟ್ಟೆ. ಕೊಟ್ಟ ಮಾತನ್ನು ಅವರಿಗೂ ಉಳಿಸಲಿಲ್ಲ. ಆಗಲ್ಲ ಎಂದು ಜೂನಿನಲ್ಲೇ ಹೇಳಿದ್ದರೆ ಮಗುವಿನ ಎದೆಯಾದರೂ ಚೆನ್ನಾಗಿರುತ್ತಿತ್ತು. ಕೊನೆಯವರೆಗೆ ಕಾದಿದ್ದರೆ ಮನೆ ಹೋಗುತ್ತಿತ್ತು, ಆದರೆ ಅವರು ತಮ್ಮ ಕಿಟಕಿಯ ಪಕ್ಕವೇ ಇರುತ್ತಿದ್ದರು. ನಾನು ಎರಡನ್ನೂ ಅರ್ಧಂಬರ್ಧ ಮಾಡಿದೆ.

ಮೇಲಿನ ಕೋಣೆಗಳ ಗೋಡೆಯನ್ನೆಲ್ಲ ಅಂಗೈಯಿಟ್ಟು ನೋಡಿದ್ದೇನೆ, ಎಲ್ಲೂ ತೇವವಿಲ್ಲ. ಶನಿವಾರ ಬನ್ನಿ. ನನ್ನೊಡನೆ ಮಾತಾಡದಿದ್ದರೂ ಸರಿ, ಮೆಟ್ಟಿಲು ಹತ್ತಿ ಮೇಲೆ ಹೋಗಿಬಿಡು, ಮಗು ಅಲ್ಲಿರಲಿ. ವಕೀಲರಿಗೆ ಮಾತ್ರ ಒಂದು ಫೋನು ಮಾಡು.

ಇಂತು,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿಮ್ಮಪ್ಪ ಮನೆಯಲ್ಲೇ, ನಿದ್ದೆಯಲ್ಲೇ ಹೋದರು ಎಂದು ನಿನಗೆ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಆಗ ನಿನಗೆ ನಾಲ್ಕು ವರ್ಷ, ನಿನ್ನನ್ನು ಅತ್ತೆಯ ಮನೆಗೆ ಕಳಿಸಿದ್ದೆ. ನಿಮ್ಮಪ್ಪ ಹಾಸಿಗೆ ಹಿಡಿದಿದ್ದಾಗಲೇ, ತನ್ನ ಮಗಳು ಕೂಸು ಎತ್ತಿಕೊಂಡು ಬರುತ್ತಿದ್ದಾಳೆ, ಜಾಗ ಬೇಕು ಎಂದು ಮನೆ ಒಡತಿ ನಮ್ಮನ್ನು ಬಿಡಿಸಿದಳು. ಅವರ ಪ್ರಾಣ ಹೋದದ್ದು ಸಾಮಾನಿನ ಟೆಂಪೋದಲ್ಲಿ, ಸುತ್ತಿದ ಹಾಸಿಗೆಗೆ ಒರಗಿಕೊಂಡು, ಸಿಗ್ನಲ್ಲಿನಲ್ಲಿ ಗಾಡಿ ನಿಂತಿದ್ದಾಗ. ಇಪ್ಪತ್ತನಾಲ್ಕು ವರ್ಷ ಆ ಹೆಂಗಸಿಗೆ ದಿನವೂ ಶಾಪ ಹಾಕಿದ್ದೇನೆ. ಹೋದ ತಿಂಗಳಿಂದ ಬಾಯಿ ಬರುತ್ತಿಲ್ಲ.