ಕಾಲ್ಗುಣ ಬದಲಾದ ಬಗ್ಗೆ

ಮೇಲೂರು
ಯುಗಾದಿ ಮಾರನೇ ದಿನ, 1958

ಪೂಜ್ಯ ಅತ್ತಿಗೆಯವರಿಗೆ ಕದಿರಮ್ಮ ಮಾಡುವ ನಮಸ್ಕಾರ. ಅಣ್ಣಯ್ಯ ಇದನ್ನು ಮೆಲ್ಲಗೆ ಓದಿ ಹೇಳಲಿ.

ಈ ಊರಲ್ಲಿ ರೇಷ್ಮೆ ಹುಳಕ್ಕೆ ಒಳಮನೆ, ಮನುಷ್ಯರಿಗೆ ಜಗಲಿ. ಈ ಸಲ ಹುಳ ಕೆಡದೆ ಹಳದಿ ಗೂಡು ಕಟ್ಟಿವೆ. ಹೋದ ವರ್ಷ ನಾನು ಮದುವೆಯಾಗಿ ಬಂದ ತಿಂಗಳಲ್ಲೇ ಹುಳವೆಲ್ಲ ಸತ್ತು, ಬೀದಿಯವರು ನನ್ನ ಕಾಲ್ಗುಣ ಅಂದರು. ನಮ್ಮತ್ತೆ ಏನೂ ಅನ್ನದೆ ನನ್ನನ್ನು ತವರಿಗೆ, ನಗರಗೆರೆಗೆ ಕಳಿಸಿಬಿಟ್ಟರು. ಅವರೇ ಬಂದು ವಾಪಸು ಕರೆತರುವವರೆಗೂ ನೀವು ಯಾಕೆ ಬಂದೆ ಅಂತ ಒಂದು ಮಾತು ಕೇಳದೆ ಮುದ್ದೆ ಬಡಿಸಿದಿರಿ. ಹಬ್ಬದ ದಿನ ಅದನ್ನೇ ನೆನೆದು ಕೈ ಮುಗಿದೆ.

ನಿನ್ನೆ ಗೂಡು ಬಿಡಿಸುವಾಗ ಅತ್ತೆ ಮೊದಲ ಬೊಗಸೆ ನನ್ನ ಮಡಿಲಿಗೇ ಹಾಕಿದರು. ಪಕ್ಕದ ಮನೆ ಅಮ್ಮಾಜಮ್ಮ, "ಏನಮ್ಮ ಕದಿರಿ, ಈಗ ಕಾಲ್ಗುಣ ಬದಲಾಯ್ತಾ?" ಅಂದಳು. ಅತ್ತೆ, "ಹೋಗೇ, ಹುಳ ಕಾಲು ನೋಡ್ತದಾ? ಸೊಪ್ಪು ನೋಡ್ತದೆ ಕಣೇ" ಅಂದರು. ಹಾಗಾದರೆ ಆಗ ನನ್ನನ್ನು ಕಳಿಸಿದ್ದೇಕೆ? ಬೀದಿಯವರ ಬಾಯಿಂದ ತಪ್ಪಿಸುವುದಕ್ಕೋ? ಕೇಳಲು ಭಯ. ಸಂತೋಷಪಡಬೇಕೋ ಹೆದರಬೇಕೋ ತಿಳಿಯುತ್ತಿಲ್ಲ. ಮುಂದಿನ ಬೆಳೆ ಕೆಟ್ಟರೆ?

ನನ್ನ ಕೆಮ್ಮು ವಾಸಿ. ನೀವು ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡಿ.

ಮತ್ತೆ ಕಳಿಸಿಬಿಟ್ಟರೆ ಇರಲಿ ಅಂತ ನನ್ನ ತಗಡಿನ ಪೆಟ್ಟಿಗೆ ನಿಮ್ಮ ಅಟ್ಟದಲ್ಲೇ ಬಿಟ್ಟು ಬಂದಿದ್ದೆ. ಅಣ್ಣಯ್ಯ ಈ ಕಡೆ ಬಂದರೆ ತರಲಿ. ಬೇಡ, ಇನ್ನೊಂದು ಬೆಳೆ ನೋಡೋಣ. ಸೀರೆಗಳನ್ನು ಗಂಟು ಕಟ್ಟಿ ಕಳಿಸಿ, ಪೆಟ್ಟಿಗೆ ಅಲ್ಲೇ ಇರಲಿ.

ನಿಮ್ಮ ನಾದಿನಿ
ಕದಿರಮ್ಮ